ಬಾಡಿಗೆ ಮನೆಗೆ ಇನ್ಶೂರೆನ್ಸ್ ಮಾಡಿಸಿದ ನನ್ನ ಅನುಭವ

"ಗೋಡೆ ಓನರ್‌ದು, ಸೂರು ಓನರ್‌ದು. ಇನ್ಶೂರೆನ್ಸ್ ಮಾಡ್ಸೋಕೆ ನಮ್ದೇನಿದೆ?" ನಮ್ಮ ಯಜಮಾನರು ಹೀಗೆ ಕೇಳಿ ನಕ್ಕಿದ್ದರು. ಆಗ ನಾವು ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿದ್ದೆವು. ಕೆಳಗೆ ಇನ್ನೊಂದು ಬಾಡಿಗೆ ಸಂಸಾರ, ಮೇಲೆ ಓನರ್. ಹನ್ನೊಂದು ತಿಂಗಳ ಕರಾರು, ಅಡ್ವಾನ್ಸ್ ಕೊಟ್ಟಾಗಿತ್ತು, ಬಾಡಿಗೆ ತಪ್ಪದೆ ಹೋಗುತ್ತಿತ್ತು. ಅಷ್ಟಾದರೆ ನಮ್ಮ ಜವಾಬ್ದಾರಿ ಮುಗಿಯಿತು ಅಂತಲೇ ಬಹಳ ಜನ ಅಂದುಕೊಳ್ಳುತ್ತಾರೆ.

ನನಗೆ ಈ ಯೋಚನೆ ಬಂದದ್ದು ಪಕ್ಕದ ರಸ್ತೆಯಲ್ಲಿ ಒಂದು ಬಾಡಿಗೆ ಮನೆಗೆ ಬೆಂಕಿ ಬಿದ್ದಾಗ. ಫ್ರಿಜ್ ಹತ್ತಿರ ಶಾರ್ಟ್ ಸರ್ಕ್ಯೂಟ್ ಆಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಡುಗೆಮನೆ, ಹಾಲ್ ಎರಡೂ ಕಪ್ಪಗಾದವು. ಆ ಮನೆ ಓನರ್ ಗೃಹಸಾಲ ತೆಗೆದಾಗ ಕಟ್ಟಡಕ್ಕೆ ವಿಮೆ ಮಾಡಿಸಿದ್ದರಂತೆ. ಆ ವಿಮೆ ಕಟ್ಟಡಕ್ಕೆ ಮಾತ್ರ. ಬಾಡಿಗೆಯವರ ಬೀರು, ಹಾಸಿಗೆ, ಟಿವಿ, ಮಕ್ಕಳ ಪುಸ್ತಕ ಯಾವುದಕ್ಕೂ ಒಂದು ರೂಪಾಯಿ ಬರಲಿಲ್ಲ. ಸಾಲದ್ದಕ್ಕೆ ಬಣ್ಣ, ವೈರಿಂಗ್ ಖರ್ಚು ಅಂತ ಅಡ್ವಾನ್ಸ್‌ನಲ್ಲಿ ಮುರಿದುಕೊಂಡರು. ಜನ ಓನರ್‌ನ ಬೈದರು. ನಾನು ವಿಚಾರಿಸಿದಾಗ ಗೊತ್ತಾಗಿದ್ದು ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಮನೆಯನ್ನು ತೆಗೆದುಕೊಂಡ ಸ್ಥಿತಿಯಲ್ಲೇ ವಾಪಸ್ ಕೊಡುವುದು ಬಾಡಿಗೆದಾರನ ಹೊಣೆ. ಸಹಜ ಸವೆತಕ್ಕೆ ವಿನಾಯಿತಿ ಇದೆ, ತಡೆಯಲಾಗದ ಅನಾಹುತಕ್ಕೂ ಇದೆ. ನಮ್ಮ ಅಜಾಗರೂಕತೆಗೆ ಇಲ್ಲ. ಅಷ್ಟೇ ಅಲ್ಲ, ಓನರ್‌ಗೆ ಪರಿಹಾರ ಕೊಟ್ಟ ವಿಮಾ ಕಂಪನಿ, ಬೆಂಕಿಗೆ ನಾವೇ ಕಾರಣ ಅಂತಾದರೆ ಆ ದುಡ್ಡನ್ನು ನಮ್ಮಿಂದ ವಸೂಲಿ ಮಾಡಲು ಬರಬಹುದು.

ಅಂದರೆ ಗೋಡೆ ನಮ್ಮದಲ್ಲ ಅನ್ನುವುದೇ ವಿಮೆ ಮಾಡಿಸಲು ಕಾರಣ, ಮಾಡಿಸದಿರಲು ಅಲ್ಲ.

ಮೊದಲು ಸಾಮಾನಿನ ಪಟ್ಟಿ ಮಾಡಿದೆ. ಒಂದು ಭಾನುವಾರ ನೋಟ್‌ಬುಕ್ ಹಿಡಿದು ಕೋಣೆ ಕೋಣೆ ಸುತ್ತಿದೆ. ಫ್ರಿಜ್, ವಾಷಿಂಗ್ ಮಷೀನ್, ಟಿವಿ, ಯುಪಿಎಸ್, ಮಿಕ್ಸಿ, ಗ್ರೈಂಡರ್, ಮಂಚ ಬೇಗ ಮುಗಿದವು. ಲೆಕ್ಕ ಏರಿದ್ದು ಬೀರು ತೆಗೆದ ಮೇಲೆ. ನನ್ನ ಮದುವೆಯ ಧಾರೆ ಸೀರೆ, ಆರತಕ್ಷತೆ ಸೀರೆ, ಅಮ್ಮ ಸೀಮಂತಕ್ಕೆ ಕೊಟ್ಟಿದ್ದು, ನಾದಿನಿ ಮದುವೆಗೆ ತೆಗೆದಿದ್ದು. ಇವತ್ತು ಅಂಗಡಿಗೆ ಹೋದರೆ ಒಂದೊಂದಕ್ಕೆ ಎಷ್ಟಾಗುತ್ತದೆ ಅಂತ ಬರೆಯುತ್ತಾ ಹೋದಾಗ ಯಜಮಾನರ ನಗು ನಿಂತಿತು. ಆಮೇಲೆ ಅಟ್ಟದ ಮೇಲಿದ್ದ ಸ್ಟೀಲ್ ಪಾತ್ರೆ, ಹಿತ್ತಾಳೆ ಹಂಡೆ. "ಏನೂ ಇಲ್ಲ" ಅಂದ ಮನೆಯಲ್ಲಿ 5 ಲಕ್ಷ ದಾಟಿತು. ಎಲ್ಲದರ ಫೋಟೋ ತೆಗೆದೆ. ಸಿಕ್ಕ ಬಿಲ್‌ಗಳನ್ನೂ ಫೋಟೋ ಹೊಡೆದು ನನಗೇ ಇಮೇಲ್ ಮಾಡಿಕೊಂಡೆ. ಬಿಲ್ಲನ್ನು ಬೀರುವಿನಲ್ಲಿಟ್ಟು, ಬೀರುವೇ ಸುಟ್ಟರೆ ಏನು ಪ್ರಯೋಜನ, ಅಲ್ವಾ?

ಪಾಲಿಸಿ ಹುಡುಕುವಾಗ ಒಂದು ಹೆಸರು ನೆನಪಿಟ್ಟುಕೊಳ್ಳಿ: ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ರೂಪಿಸಿದ ಪಾಲಿಸಿ ಇದು, 2021ರ ಏಪ್ರಿಲ್ 1ರಿಂದ ಇದೆ. ಕಂಪನಿ ಯಾವುದಾದರೂ ಷರತ್ತು ಒಂದೇ. ಕಟ್ಟಡಕ್ಕೆ ಮಾತ್ರ, ಸಾಮಾನಿಗೆ ಮಾತ್ರ, ಅಥವಾ ಎರಡಕ್ಕೂ ತೆಗೆದುಕೊಳ್ಳಬಹುದು. ಬಾಡಿಗೆಯವರಿಗೆ ಬೇಕಾದ್ದು ನಡುವಿನದು. ನಾನು ಮೊದಲು ಹೋದ ಕಚೇರಿಯಲ್ಲಿ "ಸ್ವಂತ ಮನೆ ಇದ್ರೆ ಮಾತ್ರ ಮೇಡಂ" ಅಂದರು. ಪಾಲಿಸಿಯ ನಿಯಮವನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದ ಮೇಲೆ ಒಳಗಿದ್ದ ಅಧಿಕಾರಿಯನ್ನು ಕರೆದರು. ಗುರುತಿನ ಚೀಟಿ, ಬಾಡಿಗೆ ಕರಾರಿನ ಪ್ರತಿ ಕೇಳಿದರು. ಗೃಹಜ್ಯೋತಿ ಅರ್ಜಿಗೆ ಹುಡುಕಿ ಇಟ್ಟಿದ್ದ ಕರಾರು ಇಲ್ಲೂ ಉಪಯೋಗಕ್ಕೆ ಬಂತು.

ಇದರಲ್ಲಿ ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಗಲಭೆ ಎಲ್ಲ ಬರುತ್ತವೆ. ನೀರಿನ ಟ್ಯಾಂಕ್, ಪೈಪ್ ಒಡೆದು ಅಥವಾ ಉಕ್ಕಿ ಆಗುವ ಹಾನಿಯೂ ಬರುತ್ತದೆ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಹಳೇ ಪಾಲಿಸಿಗಳಲ್ಲಿ 6 ಲಕ್ಷದ ಸಾಮಾನಿಗೆ 3 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ, 1 ಲಕ್ಷದ ನಷ್ಟಕ್ಕೂ ಅರ್ಧವೇ ಕೊಡುತ್ತಿದ್ದರು. ಭಾರತ್ ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ.

ಇನ್ನು ಬರದೇ ಇರುವುದು. ಕರೆಂಟ್ ಏರುಪೇರಿನಿಂದ ಫ್ರಿಜ್ ಸುಟ್ಟರೆ ಆ ಫ್ರಿಜ್‌ಗೆ ಪರಿಹಾರ ಇಲ್ಲ. ಅದರಿಂದ ಬೆಂಕಿ ಹಬ್ಬಿ ಪಕ್ಕದ ಬೀರು ಸುಟ್ಟರೆ ಬೀರುವಿಗೆ ಉಂಟು. ನಮ್ಮ ಕಡೆ ವೋಲ್ಟೇಜ್ ಆಡುವ ಆಟ ಗೊತ್ತಲ್ಲ, ಅದಕ್ಕೆ ಸ್ಟೆಬಿಲೈಸರೇ ಗತಿ. ನಗದಿಗೆ ಇಲ್ಲ. ಒಡವೆಗೆ ಬೇರೆಯಾಗಿ ಸೇರಿಸಬೇಕು. ನಿಧಾನಕ್ಕೆ ಗೋಡೆ ಜಿನುಗಿ ಬಟ್ಟೆ ಬೂಷ್ಟು ಹಿಡಿದರೆ ಅದಕ್ಕೂ ಇಲ್ಲ.

ಕಳ್ಳತನದ ವಿಷಯ ಬಿಡಿಸಿ ಕೇಳಿ. ಮೂಲ ಪಾಲಿಸಿಯಲ್ಲಿ ಇರುವುದು ಬೆಂಕಿ, ಪ್ರವಾಹದಂಥ ಅನಾಹುತವಾದ 7 ದಿನದೊಳಗೆ, ಅದರಿಂದಾಗಿಯೇ ನಡೆದ ಕಳ್ಳತನ ಮಾತ್ರ. ಹಬ್ಬಕ್ಕೆ ಊರಿಗೆ ಹೋದಾಗ ಬೀಗ ಒಡೆದರೆ ಅದು ಬರುವುದಿಲ್ಲ. ಅದಕ್ಕೆ ಕನ್ನಗಳವಿನ ಭಾಗವನ್ನು ಹೆಚ್ಚುವರಿ ತೆಗೆದುಕೊಳ್ಳಬೇಕು. ನಾನು ತೆಗೆದುಕೊಂಡೆ. ಬಾಗಿಲು, ಕಿಟಕಿ ಮುರಿದ ಗುರುತು ಬೇಕು, ಎಫ್‌ಐಆರ್ ಬೇಕು. ಕಳ್ಳ ಸಿಗದಿದ್ದರೆ ಪೊಲೀಸರಿಂದ ಪತ್ತೆಯಾಗಿಲ್ಲ ಅನ್ನುವ ವರದಿ ಬೇಕು. ತುಂಬಾ ದಿನ ಮನೆಗೆ ಬೀಗ ಹಾಕಿಟ್ಟರೆ ಏನು ಷರತ್ತು ಅಂತಲೂ ಓದಿಕೊಳ್ಳಿ.

ನಾನು ಜಾಸ್ತಿ ಹೊತ್ತು ಕೂತು ಕೇಳಿದ್ದು ಪಬ್ಲಿಕ್ ಲಯಬಿಲಿಟಿ ಬಗ್ಗೆ. ನಮ್ಮ ಮನೆಯಿಂದ ಬೇರೆಯವರಿಗೆ ಪೆಟ್ಟಾದರೆ, ಅವರ ವಸ್ತು ಹಾಳಾದರೆ, ಕಾನೂನು ಪ್ರಕಾರ ನಾವು ಕೊಡಬೇಕಾದ್ದನ್ನು ಈ ಭಾಗ ತುಂಬುತ್ತದೆ. ಬಾಲ್ಕನಿಯ ಹೂಕುಂಡ ಕೆಳಗೆ ನಿಂತಿದ್ದ ಕಾರಿನ ಮೇಲೆ ಬಿದ್ದರೆ, ಅಂಥದ್ದು. ಇದೂ ಮೂಲ ಪಾಲಿಸಿಯಲ್ಲಿ ಇಲ್ಲ, ಸೇರಿಸಿಕೊಳ್ಳಬೇಕು. "ಸಾರ್, ನಾನಿರೋ ಬಾಡಿಗೆ ಮನೆಗೇ ನನ್ನಿಂದ ಹಾನಿ ಆದ್ರೆ?" ಅಂತ ಕೇಳಿದೆ. ಅವರು ಕನ್ನಡಕ ಏರಿಸಿಕೊಂಡು ಪುಟ ತಿರುವಿದರು. ಕೆಲವು ಪಾಲಿಸಿಗಳಲ್ಲಿ ನಮ್ಮ ವಶದಲ್ಲಿರುವ ಆಸ್ತಿಯನ್ನೇ ಹೊರಗಿಟ್ಟಿರುತ್ತಾರೆ. ಬಾಡಿಗೆದಾರರ ಹೊಣೆ ಅಂತ ಬೇರೆಯಾಗಿ ಬರೆದಿದೆಯಾ ನೋಡಬೇಕು. ಬಾಯಿಮಾತಿಗೆ ಒಪ್ಪದೆ ಇಮೇಲ್‌ನಲ್ಲಿ ಬರೆಸಿಕೊಂಡೆ. ಎಲ್ಲ ಸೇರಿ ವರ್ಷಕ್ಕೆ ಎರಡು ಸಾವಿರದೊಳಗೇ ಮುಗಿಯಿತು. ನಿಮ್ಮ ಮೊತ್ತ ನೋಡಿ ಹೆಚ್ಚುಕಮ್ಮಿ ಆಗುತ್ತದೆ.

ಆ ವರ್ಷವೇ ಉಪಯೋಗಕ್ಕೆ ಬಂತು. ನಾನು ಸ್ಕೂಲಿನಲ್ಲಿದ್ದೆ, ಯಜಮಾನರು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ. ವಾಷಿಂಗ್ ಮಷೀನ್‌ಗೆ ನೀರು ಬರುವ ಪೈಪ್ ನಲ್ಲಿಯಿಂದ ಕಳಚಿ, ಓವರ್‌ಹೆಡ್ ಟ್ಯಾಂಕ್ ಪೂರ್ತಿ ನಮ್ಮ ಮನೆಯೊಳಗೆ ಖಾಲಿಯಾಗಿತ್ತು. ನಮ್ಮ ಕೋಣೆಯ ಹಾಸಿಗೆ, ಪುಸ್ತಕದ ಕೆಳಗಿನ ಸಾಲು ನೆನೆದವು. ನೀರು ಫ್ಯಾನ್ ಪಾಯಿಂಟ್ ಹಿಡಿದು ಕೆಳಗಿನ ಮನೆಗೂ ಇಳಿದು, ಅವರ ಟಿವಿ ಮೇಲೆ ಸುರಿದಿತ್ತು.

ಕೆಳಗಿನ ಮನೆ ಆಂಟಿ ಜಗಳ ಆಡಲಿಲ್ಲ. ಸುಮ್ನೆ ನಿಂತು ಟಿವಿ ತೋರಿಸಿದರು, ಅದೇ ಕಷ್ಟವಾಯಿತು. "ಎಷ್ಟಾದ್ರೂ ನಾವೇ ಕೊಡ್ತೀವಿ ಆಂಟಿ" ಅಂತ ಬಾಯಿಗೆ ಬಂದೇಬಿಟ್ಟಿತ್ತು. ಆದರೆ ಪಾಲಿಸಿಯಲ್ಲಿ ಸ್ಪಷ್ಟವಾಗಿ ಇದೆ: ಕಂಪನಿಗೆ ಹೇಳದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡಿನ ಮಾತು ಕೊಡಬಾರದು. ಎದುರು ಮನೆಯವರ ಮುಖ ನೋಡಿಕೊಂಡು ಬದುಕುವ ನಮ್ಮಂಥವರಿಗೆ ಇದು ಬಹಳ ಒರಟು ಷರತ್ತು. "ಆಂಟಿ, ಇದಕ್ಕೆ ಇನ್ಶೂರೆನ್ಸ್ ಇದೆ. ಈಗ್ಲೇ ಫೋನ್ ಮಾಡ್ತೀನಿ. ಅವ್ರು ಬಂದು ನೋಡೋ ತನಕ ಏನನ್ನೂ ಬಿಸಾಡ್ಬೇಡಿ" ಅಂದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನೆಲ ಒರೆಸಲು ನಾನೂ ಕೈಜೋಡಿಸಿದೆ, ಅದಕ್ಕೆ ಯಾವ ಷರತ್ತೂ ಅಡ್ಡ ಬರುವುದಿಲ್ಲ.

ನೀರು ಒರೆಸುವ ಮೊದಲೇ ವಿಡಿಯೋ ಮಾಡಿಕೊಂಡಿದ್ದೆ. ಕಳಚಿದ ಪೈಪ್, ಅದರ ಸೀಳಿದ ವಾಷರ್ ತೆಗೆದು ಕವರ್‌ನಲ್ಲಿ ಹಾಕಿಟ್ಟೆ. ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದಾಗ ಮೊದಲು ಕೇಳಿದ್ದೇ ಅದನ್ನು. ಆಂಟಿ ಒಂದು ಪತ್ರ ಬರೆದುಕೊಡಬೇಕಾಯಿತು, ಏನೇನು ಹಾಳಾಯಿತು, ಎಷ್ಟು ಕೇಳುತ್ತಿದ್ದೇವೆ ಅಂತ. ಟಿವಿ ಮೆಕ್ಯಾನಿಕ್‌ನಿಂದ ರಿಪೇರಿ ಆಗುವುದಿಲ್ಲ ಅಂತ ಬರೆಸಿ ತಂದೆವು. ನಮ್ಮ ಹಾಸಿಗೆ, ಪುಸ್ತಕ ಸಾಮಾನಿನ ಭಾಗದಲ್ಲಿ ಹೋದವು, ಅವರ ಟಿವಿ ಲಯಬಿಲಿಟಿ ಭಾಗದಲ್ಲಿ. ಟಿವಿಗೆ ಹಳೆಯದು ಅಂತ ಸವಕಳಿ ಕಳೆದೇ ಕೊಟ್ಟರು. ಉಳಿದದ್ದನ್ನು ನಾವು ಕೈಯಿಂದ ಹಾಕಿದೆವು. ಆಂಟಿ ಬೇಡ ಬೇಡ ಅನ್ನುತ್ತಲೇ ತೆಗೆದುಕೊಂಡರು. ಹೊಸ ಟಿವಿ ಬಂದ ದಿನ ಕೆಳಗಿನಿಂದ ಚಿತ್ರಾನ್ನ ಬಂತು. ಕಂಪನಿ ಕ್ಲೇಮ್ ತಿರಸ್ಕರಿಸಿದ್ದರೆ ಮೊದಲು ಅವರಿಗೇ ಲಿಖಿತ ದೂರು ಕೊಡಬೇಕಿತ್ತು. ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ಶುಲ್ಕ ಇಲ್ಲ. ನಮಗೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ.

ಗ್ಯಾಸ್ ವಿಷಯ ಪ್ರತ್ಯೇಕ ಹೇಳಬೇಕು. ಎಲ್‌ಪಿಜಿ ಗ್ರಾಹಕರಿಗೆ ತೈಲ ಕಂಪನಿಗಳೇ ವಿಮೆ ಮಾಡಿಸಿವೆ, ನಾವು ಪ್ರೀಮಿಯಂ ಕಟ್ಟುವಂತಿಲ್ಲ. ಸಿಲಿಂಡರ್ ಅವಘಡದಲ್ಲಿ ಸಾವಾದರೆ ಒಬ್ಬರಿಗೆ 6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಆಸ್ತಿ ಹಾನಿಗೆ 2 ಲಕ್ಷದವರೆಗೆ. ಆದರೆ ಆಸ್ತಿ ಹಾನಿಯ ದುಡ್ಡು ಸಿಗುವುದು ಕನೆಕ್ಷನ್ ನೋಂದಣಿಯಾದ ವಿಳಾಸದಲ್ಲಿ ಅವಘಡವಾದರೆ. ತುಮಕೂರಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಉರಿಯುತ್ತಿರುವುದು ಕುಣಿಗಲ್ಲು, ತುರುವೇಕೆರೆ ಕಡೆಯ ಊರಿನ ವಿಳಾಸದ ಸಿಲಿಂಡರ್. ವಿಳಾಸ ಬದಲಾಯಿಸಿಕೊಳ್ಳಿ. ಹಾಗೇ ಸುರಕ್ಷಾ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ, ಐದು ವರ್ಷಕ್ಕೆ ಅದನ್ನು ಬದಲಿಸಬೇಕು.

ಈಗ ನಾವು ಬಟವಾಡಿ ಕಡೆ ಮನೆ ಬದಲಾಯಿಸಿದ್ದೇವೆ. ಪಾಲಿಸಿ ಮನೆಯ ವಿಳಾಸಕ್ಕೆ ಅಂಟಿಕೊಂಡಿರುತ್ತದೆ, ಸಾಮಾನಿನ ಜೊತೆ ತಾನಾಗಿ ಬರುವುದಿಲ್ಲ. ಹೊಸ ಕರಾರಿನ ಪ್ರತಿ ಕೊಟ್ಟು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯಲ್ಲಿ ವಿಳಾಸದ ತಿದ್ದುಪಡಿ, ಮಾಡಿಸಿದ ಮೇಲೆಯೇ ಲಾರಿಗೆ ಹೇಳಿದೆ. ದಾರಿಯಲ್ಲಿ ಒಡೆಯುವ ಸಾಮಾನು ಇದರಲ್ಲಿ ಬರುವುದಿಲ್ಲ, ಹಾಗಾಗಿ ಟಿವಿಯನ್ನು ಯಜಮಾನರೇ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು.