ಸೊಂಟ ಹಿಡಿದಾಗ ಆಸ್ಟಿಯೋಪಥಿ: ‘ಟಕ್’ ಸದ್ದಿನ ಹಿಂದುಮುಂದು

ನೀರು ತುಂಬಿದ ಬಿಂದಿಗೆ ಎತ್ತಲು ಬಗ್ಗಿದಾಗ ಸೊಂಟ ಹಿಡಿದುಕೊಂಡರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುತ್ತಿದ್ದವರು ಉಳುಕು ತೆಗೆಯುವವರು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಮೆಲ್ಲಗೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಕೆಲವು ಕಡೆ ಇನ್ನೂ ಉಳಿದಿದೆ. ನಗರಗಳಲ್ಲಿ ಈಗ ಸ್ನಾಯು, ಕೀಲುಗಳನ್ನು ಕೈಯಿಂದಲೇ ಒತ್ತಿ, ಆಡಿಸಿ ಚಿಕಿತ್ಸೆ ಕೊಡುವ ಆಸ್ಟಿಯೋಪಥಿಯ ಫಲಕಗಳು ಕಾಣುತ್ತಿವೆ; ಮೊಬೈಲಿನಲ್ಲಿ ಬೆನ್ನುಮೂಳೆ ‘ಟಕ್’ ಎನ್ನುವ ವಿಡಿಯೊಗಳೂ ಓಡಾಡುತ್ತಿವೆ. ಆ ಸದ್ದೇ ಚಿಕಿತ್ಸೆ ಎಂದುಕೊಂಡು ಹೋದವರಿಗೆ ಮೊದಲ ಭೇಟಿ ಸಪ್ಪೆ ಎನಿಸಬಹುದು, ಏಕೆಂದರೆ ಬಲ್ಲ ಆಸ್ಟಿಯೋಪತ್‌ನ ಕೆಲಸದ ಬಹುಪಾಲು ಸದ್ದಿಗೆ ಮುಂಚೆ ಮತ್ತು ಸದ್ದಿನ ನಂತರ ನಡೆಯುತ್ತದೆ.

ಈ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. 1864ರಲ್ಲಿ ಮೆದುಳು ಜ್ವರಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ, ಅಂದಿನ ಔಷಧಗಳಲ್ಲಿ ನಂಬಿಕೆ ಕಳೆದುಕೊಂಡು, ಮೂಳೆ, ಸ್ನಾಯು, ರಕ್ತಸಂಚಾರಗಳ ಸುತ್ತ 1874ರಲ್ಲಿ ತನ್ನ ಹೊಸ ಪದ್ಧತಿಯನ್ನು ಪ್ರಕಟಿಸಿದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಶಾಲೆ ತೆರೆದ. ಎಲ್ಲ ರೋಗಗಳ ಬೇರೂ ಬೆನ್ನುಮೂಳೆಯ ಸುತ್ತಮುತ್ತ ಇದೆ ಎಂಬಂಥ ಅವನ ಹಳೆಯ ವಾದಕ್ಕೆ ಇಂದು ಆಧಾರವಿಲ್ಲ. ಅಮೆರಿಕದಲ್ಲಿ ಈ ಪದವಿ ಪಡೆದವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಪ್ರಮಾಣದ ವೈದ್ಯರು. ಬ್ರಿಟನ್ನಿನಲ್ಲಿ ಅವರು ವೈದ್ಯರಲ್ಲ, ಆದರೆ 1993ರ ಕಾಯಿದೆಯ ಪ್ರಕಾರ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಆ ಹೆಸರನ್ನು ಬಳಸುವಂತಿಲ್ಲ. ನಮ್ಮಲ್ಲಿ ಬ್ರಿಟನ್ನಿನಂಥ ಪ್ರತ್ಯೇಕ ಮಂಡಳಿ ಇಲ್ಲ. ಫಿಸಿಯೋಥೆರಪಿ ಓದಿದ ಮೇಲೆ ಇದನ್ನು ಕಲಿತವರೂ ಇದ್ದಾರೆ, ಚಿಕ್ಕ ಕೋರ್ಸ್ ಮುಗಿಸಿ ಫಲಕ ಹಾಕಿದವರೂ ಇದ್ದಾರೆ. ಆದ್ದರಿಂದ ಮೇಜಿನ ಮೇಲೆ ಮಲಗುವ ಮೊದಲು, ಮೂಲ ಪದವಿ ಯಾವುದು, ಎಷ್ಟು ವರ್ಷದ ತರಬೇತಿ ಎಂದು ಸಂಕೋಚವಿಲ್ಲದೆ ಕೇಳಬೇಕು.

ಮೊದಲ ಹಂತ ಮಾತುಕತೆ. ನೋವು ಎಂದು ಶುರುವಾಯಿತು, ಕಾಲಿಗೆ ಇಳಿಯುತ್ತದೆಯೇ, ಕೂತರೆ ಹೆಚ್ಚೋ ನಡೆದರೆ ಹೆಚ್ಚೋ ಎಂಬ ಪ್ರಶ್ನೆಗಳು ಎಲ್ಲರಿಗೂ ಪರಿಚಿತ. ನಿಜವಾದ ಜಾಣತನ ಇರುವುದು ಉಳಿದ ಪ್ರಶ್ನೆಗಳಲ್ಲಿ: ಜ್ವರವಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಹಿಂದೆ ಕ್ಯಾನ್ಸರ್ ಇತ್ತೇ, ಬಿದ್ದು ಪೆಟ್ಟಾಗಿದೆಯೇ, ಬಹುಕಾಲ ಸ್ಟೆರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗಿದ್ದೀರಾ, ಮೂಳೆ ಸವೆತದ ಕಾಯಿಲೆ ಇದೆಯೇ. ತೊಡೆಸಂದಿ ಮತ್ತು ಗುದದ ಸುತ್ತ ಮರಗಟ್ಟಿದ್ದರೆ, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದ್ದರೆ ಅಲ್ಲಿಗೆ ಆಸ್ಟಿಯೋಪಥಿಯ ಮಾತು ಮುಗಿಯಿತು. ಬೆನ್ನುಹುರಿಯ ಕೆಳತುದಿಯ ನರಗಳು ಒತ್ತಡಕ್ಕೆ ಸಿಕ್ಕಾಗ ಹೀಗಾಗುತ್ತದೆ. ಅಂಥವರು ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿರಬೇಕು. ಇವುಗಳಲ್ಲಿ ಒಂದನ್ನೂ ಕೇಳದೆ ನೇರವಾಗಿ ಬೆನ್ನಿಗೆ ಕೈ ಹಾಕುವವರ ಬಳಿಯಿಂದ ಎದ್ದು ಬರುವುದರಲ್ಲಿ ತಪ್ಪೇನೂ ಇಲ್ಲ.

ಎರಡನೆಯದು ಪರೀಕ್ಷೆ. ರೋಗಿಯನ್ನು ನಿಲ್ಲಿಸಿ, ಹಿಂಬದಿಯಲ್ಲಿ ಕುಳಿತು, ಸೊಂಟದ ಕೆಳಗೆ ಎರಡೂ ಬದಿಯ ಗುಳಿಗಳ ಬಳಿಯ ಮೂಳೆಯ ಉಬ್ಬಿನ ಮೇಲೆ ಹೆಬ್ಬೆರಳುಗಳನ್ನಿಟ್ಟು ಮುಂದಕ್ಕೆ ಬಗ್ಗಲು ಹೇಳುತ್ತಾರೆ. ಒಂದು ಹೆಬ್ಬೆರಳು ಇನ್ನೊಂದಕ್ಕಿಂತ ಮೊದಲು ಮೇಲಕ್ಕೆ ಸರಿದರೆ ಆ ಬದಿಯ ಕೀಲು ಬಿಗಿದಿದೆ ಎಂದು ಊಹಿಸುತ್ತಾರೆ. ಊಹೆ ಎಂದು ಬೇಕೆಂದೇ ಬರೆದೆ. ಒಬ್ಬನೇ ರೋಗಿಯನ್ನು ಇಬ್ಬರು ಪರೀಕ್ಷಿಸಿದಾಗ ಇಂಥ ಸ್ಪರ್ಶಪರೀಕ್ಷೆಗಳ ಫಲಿತಾಂಶ ಎಷ್ಟೋ ಸಲ ತಾಳೆಯಾಗುವುದಿಲ್ಲ. ಕಾಲು ನೇರವಾಗಿ ಎತ್ತಿಸಿ ನೋಡುವುದು, ಮಂಡಿ ಮತ್ತು ಹಿಮ್ಮಡಿಯಲ್ಲಿ ಸುತ್ತಿಗೆಯಿಂದ ತಟ್ಟಿ ನರದ ಪ್ರತಿಕ್ರಿಯೆ ಪರೀಕ್ಷಿಸುವುದು, ಪಾದದ ಬಲ ಅಳೆಯುವುದು ಈ ಸ್ಪರ್ಶಪರೀಕ್ಷೆಗಳಿಗಿಂತ ಮುಖ್ಯ. ‘ನಿಮ್ಮ ಮೂಳೆ ಜಾರಿದೆ, ನಾನು ಕೂರಿಸುತ್ತೇನೆ’ ಎನ್ನುವವರನ್ನು ಇಲ್ಲಿಯೇ ಗುರುತಿಸಬಹುದು. ನಿಜವಾಗಿ ಕೀಲು ತಪ್ಪಿದ್ದರೆ ನೀವು ನಡೆದುಕೊಂಡು ಅಲ್ಲಿಗೆ ಬರುತ್ತಿರಲಿಲ್ಲ.

ಮೂರನೆಯ ಹಂತದಲ್ಲಿ ಕೈ ಕೆಲಸಕ್ಕಿಳಿಯುತ್ತದೆ. ಬೆನ್ನುಮೂಳೆಯ ಎರಡೂ ಪಕ್ಕದ ಬಿಗಿದ ಸ್ನಾಯುಗಳನ್ನು ಅಂಗೈಯಿಂದ ನಿಧಾನವಾಗಿ ಅಡ್ಡಕ್ಕೆ ಒತ್ತಿ ಹಿಗ್ಗಿಸುವುದು, ಬಳಿಕ ಕೀಲನ್ನು ಅದು ಹೋಗುವಷ್ಟು ದೂರ ಲಯಬದ್ಧವಾಗಿ ಆಡಿಸುವುದು ಸಾಮಾನ್ಯ ಕ್ರಮ. ಇದರ ನಂತರ ಬರುವ ಒಂದು ತಂತ್ರವನ್ನು ಸ್ವಲ್ಪ ವಿವರವಾಗಿ ನೋಡೋಣ. ತೊಡೆಯ ಹಿಂಭಾಗದ ಸ್ನಾಯು ಬಿಗಿದಿದೆ ಎಂದಿಟ್ಟುಕೊಳ್ಳಿ. ಅಂಗಾತ ಮಲಗಿದ ನಿಮ್ಮ ಕಾಲನ್ನು ಚಿಕಿತ್ಸಕರು ಬಿಗಿತ ತೋರುವವರೆಗೆ ಎತ್ತಿ ಹೆಗಲಿನ ಮೇಲಿಟ್ಟುಕೊಳ್ಳುತ್ತಾರೆ; ನೀವು ಹಿಮ್ಮಡಿಯಿಂದ ಅವರ ಹೆಗಲನ್ನು ಕೆಳಗೆ ಒತ್ತಬೇಕು, ಪೂರ್ತಿ ಬಲದಿಂದಲ್ಲ, ಕಾಲು ಭಾಗದಷ್ಟು, ಸುಮಾರು ಐದು ಸೆಕೆಂಡು. ಒತ್ತುವುದು ನಿಲ್ಲಿಸಿ ಉಸಿರು ಬಿಟ್ಟಾಗ ಕಾಲನ್ನು ಇನ್ನೂ ಸ್ವಲ್ಪ ಎತ್ತುತ್ತಾರೆ, ಸಾಮಾನ್ಯವಾಗಿ ಅದು ಮೊದಲಿಗಿಂತ ಮೇಲೆ ಹೋಗುತ್ತದೆ. ಮೂರರಿಂದ ಐದು ಬಾರಿ ಹೀಗೆ. ಸ್ನಾಯುವೇ ಉದ್ದವಾಯಿತು ಎಂದು ತಿಳಿಯಬೇಡಿ. ಆ ಎಳೆತವನ್ನು ಸಹಿಸಿಕೊಳ್ಳಲು ನರಮಂಡಲ ಒಪ್ಪಿತು ಎಂಬುದೇ ಈಗ ಹೆಚ್ಚು ಸರಿಯೆನಿಸುವ ವಿವರಣೆ.

ಇನ್ನು ಆ ಪ್ರಸಿದ್ಧ ‘ಟಕ್’. ನಿಮ್ಮನ್ನು ಮಗ್ಗುಲಾಗಿ ಮಲಗಿಸಿ, ಹೆಗಲನ್ನು ಒಂದು ಕಡೆಗೂ ಸೊಂಟವನ್ನು ಇನ್ನೊಂದು ಕಡೆಗೂ ತಿರುಗಿಸಿ, ಬಿಗಿತ ಮುಟ್ಟಿದ ಕ್ಷಣದಲ್ಲಿ ಅತಿ ವೇಗವಾಗಿ, ಆದರೆ ಬಹಳ ಸಣ್ಣ ಅಂತರಕ್ಕೆ ತಳ್ಳುತ್ತಾರೆ. ಬೆರಳಿನ ಲಟಿಕೆ ಮುರಿದಾಗ ಆಗುವುದೇ ಇಲ್ಲಿಯೂ ಆಗುತ್ತದೆ: ಕೀಲಿನ ಎರಡು ಮೈಗಳು ಥಟ್ಟನೆ ದೂರವಾಗಿ ಒಳಗಿನ ದ್ರವದಲ್ಲಿ ಒತ್ತಡ ಕುಸಿದು, ಕರಗಿದ್ದ ಅನಿಲ ಗುಳ್ಳೆಯಾಗುತ್ತದೆ. ಅದೇ ಲಟಿಕೆಯನ್ನು ತಕ್ಷಣ ಮತ್ತೆ ಮುರಿಯಲು ಆಗದಿರುವುದೂ ಇದಕ್ಕೇ. ಸದ್ದು ಬಂದರೂ ಬಾರದಿದ್ದರೂ ನೋವಿನ ಪರಿಹಾರಕ್ಕೂ ಅದಕ್ಕೂ ಗಟ್ಟಿ ಸಂಬಂಧವಿಲ್ಲ. ಸೊಂಟದಲ್ಲಿ ಇದರ ಅಪಾಯ ಕಡಿಮೆ; ಕತ್ತಿನಲ್ಲಿ ಹಾಗಲ್ಲ. ಕತ್ತನ್ನು ಥಟ್ಟನೆ ತಿರುಗಿಸಿದಾಗ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು, ವಿರಳವಾದರೂ, ದಾಖಲಾಗಿವೆ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಕತ್ತಿನ ಮೇಲ್ತುದಿಯ ಕೀಲೇ ಸಡಿಲವಾಗಿರಬಹುದು. ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿದ ಮೇಲೆ ಕತ್ತು ತಿರುಗಿಸಿ ಲಟಿಕೆ ತೆಗೆಯುವ ಸೇವೆ ಉಚಿತವಾಗಿ ಸಿಕ್ಕರೂ ಬೇಡವೆನ್ನುವುದು ಲೇಸು.

ಇಷ್ಟರಿಂದ ಗುಣ ಎಷ್ಟು? 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯೊಂದರಲ್ಲಿ ಸೊಂಟನೋವಿನ 400 ಜನರಲ್ಲಿ ಕೆಲವರಿಗೆ ನಿಜವಾದ ಆಸ್ಟಿಯೋಪಥಿಯನ್ನೂ ಉಳಿದವರಿಗೆ ಹಗುರವಾಗಿ ಮುಟ್ಟುವ ತೋರಿಕೆಯ ಚಿಕಿತ್ಸೆಯನ್ನೂ ಕೊಟ್ಟು ನೋಡಿದರು. ನಿಜವಾದದ್ದು ಮುಂದಿತ್ತು, ಆದರೆ ಆ ಅಂತರ ನಿತ್ಯಜೀವನದಲ್ಲಿ ಅನುಭವಕ್ಕೆ ಬರುವಷ್ಟು ದೊಡ್ಡದಾಗಿರಲಿಲ್ಲ. ಬ್ರಿಟನ್ನಿನ 2016ರ ಸರ್ಕಾರಿ ಮಾರ್ಗಸೂಚಿ ಕೈಚಿಕಿತ್ಸೆಗೆ ಅವಕಾಶ ಕೊಡುವುದು ವ್ಯಾಯಾಮದ ಜೊತೆಗೆ ಮಾತ್ರ. ತಲೆಬುರುಡೆಯ ಮೂಳೆಗಳನ್ನು ಮೆಲ್ಲಗೆ ಸರಿಸುತ್ತೇವೆ ಎನ್ನುವ ಶಾಖೆಗಂತೂ ಆಧಾರ ತೀರ ತೆಳು. ನಾನಾದರೆ ಅದಕ್ಕೆ ಹಣ ತೆರುವುದಿಲ್ಲ.

ಹಾಗಾಗಿ ನಾಲ್ಕನೆಯ ಹಂತವಾದ ವ್ಯಾಯಾಮ ಇಲ್ಲದಿದ್ದರೆ ಮೊದಲ ಮೂರಕ್ಕೆ ಹೆಚ್ಚು ಬೆಲೆಯಿಲ್ಲ. ಕೈಚಿಕಿತ್ಸೆಯ ನಂತರ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ, ಬಿಗಿತ ಸಡಿಲಿರುತ್ತದೆ. ಆ ಅವಧಿಯಲ್ಲಿಯೇ ನಡೆಯಬೇಕು, ಹೇಳಿಕೊಟ್ಟ ವ್ಯಾಯಾಮ ಮಾಡಬೇಕು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟವನ್ನು ನೆಲದಿಂದ ಎತ್ತಿ ಇಳಿಸುವುದು, ಅಂಬೆಗಾಲಿನ ಭಂಗಿಯಲ್ಲಿ ಎದುರುಬದುರಿನ ಕೈ ಮತ್ತು ಕಾಲನ್ನು ಚಾಚುವುದು ಹೆಚ್ಚಿನವರಿಗೆ ಹೊಂದುತ್ತವೆ. ಮರುದಿನ ಮೈಕೈ ಸ್ವಲ್ಪ ನೊಂದರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ಅದು ಇಳಿಯಬೇಕು. ಕಾಲಿನಲ್ಲಿ ಹೊಸದಾಗಿ ಜೋಮು ಅಥವಾ ಬಲಹೀನತೆ ಕಂಡರೆ ಮುಂದಿನ ಭೇಟಿಗೆ ಕಾಯದೆ ವೈದ್ಯರನ್ನು ನೋಡಬೇಕು. ಶೂ ಲೇಸು ಕಟ್ಟಲು ಎಷ್ಟು ಕಷ್ಟವಾಗುತ್ತಿದೆ, ಎಷ್ಟು ನಿಮಿಷ ಕೂರಲಾಗುತ್ತಿದೆ ಎಂದು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದಿಡಿ. ಮೂರು ನಾಲ್ಕು ಭೇಟಿಗಳ ನಂತರ ಚೀಟಿ ತೆಗೆದು ನೋಡಿದಾಗ ಏನೂ ಬದಲಾಗಿಲ್ಲವಾದರೆ, ಹತ್ತು ಭೇಟಿಗಳ ಪ್ಯಾಕೇಜಿಗೆ ಮುಂಗಡ ಕೊಡುವ ಮೊದಲು ಆ ಚೀಟಿಯನ್ನೇ ಅವರ ಮುಂದಿಡಿ.