ಕಾಫಿ ಹೊಟ್ಟಿನ ಸೂಪರ್‌ಕೆಪಾಸಿಟರ್: ನನ್ನ ಅನುಭವ

ಸುಂಟಿಕೊಪ್ಪದ ಹಲ್ಲರ್ ಮಿಲ್ಲಿನಿಂದ ತಂದ ರೋಬಸ್ಟಾ ಕಾಫಿ ಹೊಟ್ಟನ್ನು ಸುಟ್ಟು ಇಂಗಾಲ ಮಾಡಿ, ಅದರಿಂದ ಸೂಪರ್‌ಕೆಪಾಸಿಟರ್ (ಬೇಗ ಚಾರ್ಜ್ ಆಗಿ ಬೇಗ ಕರೆಂಟ್ ಕೊಡುವ ಸಾಧನ) ಮಾಡುವುದರಲ್ಲಿ ನಾಲ್ಕು ವರ್ಷ ಕಳೆದೆ. ಹೋದ ತಿಂಗಳು ನನ್ನ ಸೆಲ್ 5000 ಸೈಕಲ್ (ಚಾರ್ಜ್ ಆಗಿ ಖಾಲಿಯಾಗುವ ಸುತ್ತು) ಮುಗಿಸಿತು. ಮೊದಲಿನ ಸಾಮರ್ಥ್ಯದ ಶೇಕಡಾ 93ರ ಹತ್ತಿರ ಉಳಿದಿದೆ. ಮೂರು ಸೆಲ್ ಸೀರೀಸ್‌ನಲ್ಲಿ ಕೊಟ್ಟರೆ ಕೆಂಪು ಎಲ್‌ಇಡಿ ನಾಲ್ಕು ನಿಮಿಷ ಉರಿಯುತ್ತದೆ. "ಒಂದೊಂದು ತೋಟದ ಹೊಟ್ಟು ಒಂದೊಂದು ಥರ, ಎರಡು ಸಲ ಒಂದೇ ಉತ್ತರ ಬರಲ್ಲ" ಅಂತ ಎಷ್ಟು ಜನ ಹೇಳಿದ್ದರು! ಈಗ ಸಾಲಾಗಿ ಮೂರು ಬ್ಯಾಚ್ ಒಂದೇ ಥರ ಬಂದಿವೆ.

ಮೊದಲ ವರ್ಷ ಇಂಗಾಲದ ಗ್ರಾಂಗೆ 400 ಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಬಂತು. ಲ್ಯಾಬ್‌ನಲ್ಲಿ ಸಿಹಿ ಹಂಚಿದೆ. ಮೈಸೂರಿನ ಗೆಳೆಯರೊಬ್ಬರು ಸಿವಿ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆದ ಗ್ರಾಫ್) ನೋಡಿ, "ಸರ್, ಇಂಗಾಲದ್ದಾದ್ರೆ ಚೌಕಾಕಾರ ಇರಬೇಕಲ್ವಾ? ಈ ಗುಡ್ಡ ಎಲ್ಲಿಂದ ಬಂತು?" ಎಂದರು. ಇಂಗಾಲ ಇಲ್ಲದೆ ಬರೀ ನಿಕಲ್ ಫೋಮ್ (ಇಂಗಾಲ ಲೇಪಿಸುವ ಸ್ಪಂಜಿನಂಥ ಲೋಹದ ಹಾಳೆ) ಹಾಕಿ ಓಡಿಸಿದೆ. ಅದೇ ಗುಡ್ಡ. 6 ಮೋಲಾರ್ ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಪ್ಲಸ್ 0.5 ವೋಲ್ಟ್‌ವರೆಗೆ ಹೋಗಿದ್ದೆ. ಕರೆಂಟ್ ಕೊಟ್ಟದ್ದು ಫೋಮ್‌ನ ನಿಕಲ್. ಮೇಲಾಗಿ ನಾನು ಹಾಕಿದ್ದ ಇಂಗಾಲ ಅರ್ಧ ಮಿಲಿಗ್ರಾಂ ಕೂಡ ಇರಲಿಲ್ಲ. ಆರು ತಿಂಗಳ ಕೆಲಸ ನೀರಿಗೆ ಹೋಯಿತು. ಈಗ ಖಾಲಿ ಫೋಮ್ ಓಡಿಸದೆ ಮುಂದೆ ಹೋಗುವುದಿಲ್ಲ. ವೋಲ್ಟೇಜ್ ಮೈನಸ್ 1ರಿಂದ ಸೊನ್ನೆವರೆಗೆ ಮಾತ್ರ, ಇಂಗಾಲ ಚದರ ಸೆಂಟಿಮೀಟರ್‌ಗೆ 5 ಮಿಲಿಗ್ರಾಂಗೆ ಕಮ್ಮಿ ಇಲ್ಲ.

ಆಮೇಲೆ ಮಳೆಗಾಲ. ಜುಲೈನಲ್ಲಿ ಮಡಿಕೇರಿ ಕಡೆ ಕೆಲಸ ಮಾಡಿದವರಿಗೆ ಗೊತ್ತು. ಇಂಗಾಲದಲ್ಲಿ ಸಣ್ಣ ರಂಧ್ರ ಕೊರೆಯಲೂ ಕೆಓಎಚ್ ಬೇಕು. ಅದರ ಹರಳು ತಕ್ಕಡಿ ಮೇಲೆ ಇಟ್ಟ ಎರಡೇ ನಿಮಿಷಕ್ಕೆ ಬೆವರಿ, ಬಟರ್ ಪೇಪರ್‌ಗೆ ಅಂಟುತ್ತಿತ್ತು. ಇಂಗಾಲ ಒಂದಕ್ಕೆ ಕೆಓಎಚ್ ಮೂರು ಅಂತ ಬರೆದುಕೊಂಡದ್ದು ಹೆಸರಿಗೆ ಮಾತ್ರ. ಈಗ ಹರಳು ತೂಗುವುದನ್ನೇ ಬಿಟ್ಟಿದ್ದೇನೆ. ದ್ರಾವಣ ಮಾಡಿ, ಟೈಟ್ರೇಟ್ ಮಾಡಿ (ಆಸಿಡ್ ಹಾಕಿ ಸಾಂದ್ರತೆ ಕಂಡುಹಿಡಿದು), ಅಳೆದು ಹಾಕುತ್ತೇನೆ. ಇಂಗಾಲವನ್ನು ಫೋಮ್‌ಗೆ ಅಂಟಿಸುವ ಪಿವಿಡಿಎಫ್ ಸ್ಲರಿಯೂ ಅಷ್ಟೇ, ತೇವ ಎಳೆದು ಮೊಸರಿನಂತೆ ಗಟ್ಟಿಯಾಗುತ್ತಿತ್ತು. ಲೇಪನದ ಕೆಲಸ ಜನವರಿ, ಫೆಬ್ರವರಿಗೇ ಇಟ್ಟುಕೊಂಡಿದ್ದೇನೆ.

ದುಡ್ಡಿನ ಮಾತು. ಕುಲುಮೆಯಲ್ಲಿ ಇಂಗಾಲ ಉರಿದುಹೋಗದಂತೆ ಬಿಡುವ ನೈಟ್ರೋಜನ್‌ಗಿಂತ ಅದರ ಸಿಲಿಂಡರ್ ಸಾಗಿಸುವ ಖರ್ಚೇ ಜಾಸ್ತಿ, ಒಂದು ಸಲಕ್ಕೆ ಎರಡು ಸಾವಿರದ ಮೇಲೆ. ಕುಲುಮೆಯೊಳಗೆ ಇಡುವ ಅಲ್ಯೂಮಿನಾ ದೋಣಿಗಳನ್ನು (ದೋಣಿಯಾಕಾರದ ಪಿಂಗಾಣಿ ತಟ್ಟೆ) ಕೆಓಎಚ್ ತಿಂದು ಹಾಕಿತು, ಹತ್ತೋ ಹನ್ನೊಂದೋ ಹೋದವು. ಆರು ಸಾವಿರ ಕೊಟ್ಟು ನಿಕಲ್ ಕ್ರೂಸಿಬಲ್ ತಂದೆ, ಇವತ್ತಿಗೂ ಅದೇ ನಡೆಯುತ್ತಿದೆ. ಬಿಇಟಿಗೆ (ಮೇಲ್ಮೈ ವಿಸ್ತೀರ್ಣ ಅಳೆಯುವ ಪರೀಕ್ಷೆ) ಹೊರಗೆ ಕಳಿಸಿದರೆ ಸ್ಯಾಂಪಲ್‌ಗೆ ಸುಮಾರು ಎರಡು ಸಾವಿರ. ಒಂದು ರಾತ್ರಿ ಕುಲುಮೆ 700 ಡಿಗ್ರಿ ದಾಟಿದ ಮೇಲೆ ಕರೆಂಟ್ ಹೋಯಿತು, ಇಡೀ ಬ್ಯಾಚ್ ಹಾಳು.

ಕೊನೆಗೆ ದಾರಿ ಸಿಕ್ಕಿದ್ದು ಹೊಟ್ಟಿನೊಳಗಿನ ಪೊಟ್ಯಾಸಿಯಂ ಕಡೆ ನೋಡಿದಾಗ. ಅದು ತಾನೇ ಇಂಗಾಲವನ್ನು ಕೊರೆಯುತ್ತದೆ, ತೋಟದಿಂದ ತೋಟಕ್ಕೆ ಹೆಚ್ಚು ಕಮ್ಮಿ ಇರುತ್ತದೆ. ಸುಡುವ ಮೊದಲೇ ತೆಳು ಆಸಿಡ್‌ನಲ್ಲಿ ತೊಳೆದು ತೆಗೆದೆ. ಆಮೇಲೆ 400 ಡಿಗ್ರಿಯಲ್ಲಿ ಸುಟ್ಟು ಚಾರ್ (ಇದ್ದಿಲು), ಅದಕ್ಕೆ ಕೆಓಎಚ್ ಸೇರಿಸಿ 750 ಡಿಗ್ರಿ. ಎಷ್ಟು ಹೊತ್ತು ನೆನೆಸಬೇಕು, ತೊಳೆದ ಮೇಲೆ ಇನ್ನೇನು ಮಾಡಬೇಕು ಎಂಬುದು ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇರಲಿ. ಮೇಲ್ಮೈ ಗ್ರಾಂಗೆ 1800 ಚದರ ಮೀಟರ್ ಆಸುಪಾಸು. ಮೂರು ಎಲೆಕ್ಟ್ರೋಡ್‌ನ ಲ್ಯಾಬ್ ಪರೀಕ್ಷೆಯಲ್ಲಿ ಗ್ರಾಂಗೆ 220 ಫ್ಯಾರಡ್, ನಿಜವಾದ ಸೆಲ್‌ನಂತೆ ಎರಡೇ ಎಲೆಕ್ಟ್ರೋಡ್ ಇಟ್ಟಾಗ 160. ಯಾರು ಕೇಳಿದರೂ ನಾನು ಹೇಳುವುದು 160.

ನಡುವೆ ಸುಮ್ನೆ ಕೊಡಗಿನ ಕಿತ್ತಳೆ ರಸವನ್ನು ಆಟೋಕ್ಲೇವ್‌ಗೆ (ಒತ್ತಡದಲ್ಲಿ ಕಾಯಿಸುವ ಪಾತ್ರೆ) ಹಾಕಿದ್ದೆ, 180 ಡಿಗ್ರಿ, ಆರು ಗಂಟೆ. ಸೋಸಿದಾಗ ಕಡು ಕಂದು ನೀರು. ಯುವಿ ಟಾರ್ಚ್ ಬಿಟ್ಟರೆ ತಿಳಿ ನೀಲಿ ಬೆಳಕು! ಕಾರ್ಬನ್ ಡಾಟ್, ಅಂದರೆ ಬೆಳಕು ಸೂಸುವ ಇಂಗಾಲದ ನ್ಯಾನೊ ಕಣ. ಜೀವಕೋಶದ ಇಮೇಜಿಂಗ್ ಮಾಡುವ ಗೆಳತಿಗೆ ಕಳಿಸಿದೆ. "ನೀಲಿ ಬೇಡ, ಕೋಶಗಳೇ ಆ ಬಣ್ಣದಲ್ಲಿ ಹೊಳೀತವೆ, ಕೆಂಪು ಕೊಡಿ" ಎಂದರು. ಈಗ ಕಾಫಿ ಚರಟದಲ್ಲಿ ನೋಡುತ್ತಿದ್ದೇನೆ. ಹಸಿರಿನವರೆಗೆ ಬಂದಿದೆ.