ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್: ‘ಇರೇಸ್ ಡಿಸ್ಕ್’ ಒತ್ತೋ ಮುಂಚೆ ಓದಿ

ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತಲ್ಲ, ಆಮೇಲೆ ನಮ್ಮ ತೀರ್ಥಹಳ್ಳಿ, ಸಾಗರದ ಕಡೆನೂ 2 ಜಿಬಿ ರ್‍ಯಾಮಿನ ಲ್ಯಾಪ್‌ಟಾಪಿಗೆ ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸೋ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕೋಕೆ ಹೊರಟೋರು ಕಾಣ್ತಿದಾರೆ. ಎಲ್ಲರೂ ಎಡವೋದು ಒಂದೇ ಕಡೆ, ಪಾರ್ಟಿಶನ್ನು, ಅಂದ್ರೆ ಡಿಸ್ಕನ್ನ ಭಾಗ ಮಾಡೋದು.

ಲಿನಕ್ಸಲ್ಲಿ ಬೇರೆ ಬೇರೆ ಬಗೆ ಇವೆ, ಮೊದ್ಲು ಯಾವುದು ಹಾಕೋದು ಅಂತ. 2 ಜಿಬಿ ಇದ್ರೆ ಲುಬುಂಟು. 1 ಜಿಬಿ ಅಥವಾ 32 ಬಿಟ್ ಪ್ರೊಸೆಸರ್ ಆದ್ರೆ ಆಂಟಿಎಕ್ಸ್. ಮಾಮೂಲಿ ಉಬುಂಟು ಹಾಕ್ಲೇಬೇಡಿ, ಅದರ ಗ್ನೋಮ್ ಡೆಸ್ಕ್‌ಟಾಪೇ ರ್‍ಯಾಮ್ ನುಂಗುತ್ತೆ. ಐಎಸ್‌ಓ ಫೈಲ್ (ಲಿನಕ್ಸಿನ ಇನ್‌ಸ್ಟಾಲ್ ಪ್ರತಿ) ಇಳಿಸಿ ರೂಫಸ್ ಅನ್ನೋ ಟೂಲ್‌ನಲ್ಲಿ ಪೆನ್‌ಡ್ರೈವಿಗೆ ಬರೀರಿ, ಬೂಟ್ ಮಾಡಿ, ಲೈವಲ್ಲೇ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿಂದಲೇ ಓಡಿಸಿ) ವೈಫೈ ಹಿಡಿಯುತ್ತಾ ನೋಡ್ಕೊಳ್ಳಿ.

ಈಗ ಪಾರ್ಟಿಶನ್. ವಿಂಡೋಸೂ ಉಳೀಬೇಕು ಅಂದ್ರೆ ಫೋಟೋ, ತೋಟದ ಲೆಕ್ಕ ಎಲ್ಲ ಬೇರೆ ಡ್ರೈವಿಗೆ ಕಾಪಿ ಮಾಡಿ, ಹಳೇ ನುಡಿ ಸಾಫ್ಟ್‌ವೇರಿನ ಕನ್ನಡ ಫೈಲುಗಳನ್ನ ವಿಂಡೋಸಲ್ಲೇ ಯೂನಿಕೋಡಿಗೆ ಬದಲಾಯಿಸಿ, ಇಲ್ಲಾಂದ್ರೆ ಲಿನಕ್ಸಲ್ಲಿ ತೆಗೆದಾಗ ಬರೀ ಗೀಚಿದಂಗೆ ಕಾಣುತ್ತೆ. ಆಮೇಲೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಸಿ ಡ್ರೈವನ್ನ ಕುಗ್ಗಿಸಿ 30 ಜಿಬಿ ಖಾಲಿ ಬಿಡಿ. ಮಳೆಗಾಲದಲ್ಲಂತೂ ಈ ಕೆಲಸ ಯುಪಿಎಸ್ ಇಲ್ದೆ ಶುರು ಮಾಡ್ಬೇಡಿ, ಹಳೇ ಬ್ಯಾಟರಿ ನಂಬೋ ಹಂಗಿಲ್ಲ, ಮಧ್ಯ ಕರೆಂಟ್ ಹೋದ್ರೆ ಪಾರ್ಟಿಶನ್ನೇ ಕೆಡಬಹುದು.

ಇನ್‌ಸ್ಟಾಲರಲ್ಲಿ ‘ಇರೇಸ್ ಡಿಸ್ಕ್’ (ಇದು ಡಿಸ್ಕನ್ನೆಲ್ಲ ಅಳಿಸುತ್ತೆ) ಬಿಟ್ಟು ‘ಮ್ಯಾನ್ಯುಯಲ್’ ತಗೊಳ್ಳಿ. ಡಿಸ್ಕಿನ ಹೆಸರು ನಂಬ್ಬೇಡಿ, ಕೆಲವೊಮ್ಮೆ ಪೆನ್‌ಡ್ರೈವೇ ಎಸ್‌ಡಿಎ ಅಂತ ತೋರ್ಸುತ್ತೆ, ಸೈಜ್ ನೋಡಿ ಗುರುತು ಹಿಡೀರಿ. ಖಾಲಿ ಜಾಗದಲ್ಲಿ 3 ಜಿಬಿ ಸ್ವಾಪ್ (ರ್‍ಯಾಮ್ ಸಾಲದಾದಾಗ ಬಳಸೋ ಡಿಸ್ಕ್ ಜಾಗ), ಉಳಿದಿದ್ದು ಇಎಕ್ಸ್‌ಟಿ4 ಫಾರ್ಮ್ಯಾಟ್, ಮೌಂಟ್ ಪಾಯಿಂಟ್ (ಆ ಪಾರ್ಟಿಶನ್ ಲಿನಕ್ಸಲ್ಲಿ ಕೂರೋ ಜಾಗ) ರೂಟ್, ಅಂದ್ರೆ /. ಯುಇಎಫ್‌ಐ (ಬಯಾಸ್ ಬದಲಿಗೆ ಬಂದ ಹೊಸ ಬೂಟ್ ವ್ಯವಸ್ಥೆ) ಮೆಷಿನ್ನಾದ್ರೆ ಇಎಫ್‌ಐ ಪಾರ್ಟಿಶನ್ ಆಗ್ಲೇ ಇರುತ್ತೆ, ಸುಮಾರು 100 ಎಂಬಿದು. ಅದಕ್ಕೆ ಬೂಟ್-ಇಎಫ್‌ಐ (/boot/efi) ಮೌಂಟ್ ಪಾಯಿಂಟ್ ಕೊಟ್ಟು ‘ಕೀಪ್’ ಇಡಿ. ಫಾರ್ಮ್ಯಾಟ್ ಕೊಟ್ರೋ, ವಿಂಡೋಸ್ ಬೂಟ್ ಆಗಲ್ಲ. ತೀರಾ ಹಳೇ ಬಯಾಸ್ ಮೆಷಿನ್ನಲ್ಲಿ ಪ್ರೈಮರಿ ಪಾರ್ಟಿಶನ್ ನಾಲ್ಕೇ ಆಗೋದು, ಕಂಪನಿಯೋರು ನಾಲ್ಕನ್ನೂ ತುಂಬಿಸಿಟ್ಟಿದ್ರೆ ಹೊಸದು ಹುಟ್ಟಲ್ಲ, ಅಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಒಂದನ್ನೇ ಹಾಕೋದು ವಾಸಿ.

ಮಿಕ್ಕಿದ್ದು ನೆಕ್ಸ್ಟ್, ನೆಕ್ಸ್ಟ್ ಅಷ್ಟೇ.

ಮುಗಿದ್ಮೇಲೆ ಝಡ್‌ರ್‍ಯಾಮ್ ಟೂಲ್ಸ್ (zram-tools) ಹಾಕಿ, ಅದರ ಸೆಟ್ಟಿಂಗಲ್ಲಿ 50 ಪರ್ಸೆಂಟ್ ಕೊಡಿ; ಇದು ರ್‍ಯಾಮಲ್ಲಿರೋದನ್ನ ರ್‍ಯಾಮಲ್ಲೇ ಒತ್ತಿ ಇಡುತ್ತೆ, ನಿಧಾನದ ಹಾರ್ಡ್‌ಡಿಸ್ಕಿಗೆ ಹೋಗೋದು ಕಮ್ಮಿ ಆಗುತ್ತೆ. ರ್‍ಯಾಮ್ ಕ್ಲೀನರ್ ಅಂತ ಬರೋ ಪ್ರೋಗ್ರಾಮುಗಳೆಲ್ಲ ದಂಡ. ದುಡ್ಡಿದ್ರೆ ಒಂದು ಎಸ್‌ಎಸ್‌ಡಿ ಹಾಕ್ಸಿ. ಬ್ರೌಸರಲ್ಲಿ ನಾಲ್ಕು ಟ್ಯಾಬ್ ದಾಟಬೇಡಿ, ಯಾವ ಲಿನಕ್ಸೂ ಅದನ್ನ ಉಳಿಸಲ್ಲ.

ಕನ್ನಡಕ್ಕೆ ಬೇರೆ ಸಾಫ್ಟ್‌ವೇರ್ ಬೇಡ, ಕೀಬೋರ್ಡ್ ಲೇಔಟಲ್ಲಿ ಕನ್ನಡ ಕಗಪ (KaGaPa, ನುಡಿಯಲ್ಲಿರೋ ಲೇಔಟೇ) ಸೇರ್ಸಿ, ಒತ್ತಕ್ಷರಕ್ಕೆ ಎಫ್ ಒತ್ತಿ.